ಸಶೇಷ ಎಂದು ಬರೆಯದ ಪುಸ್ತಕ

(ಒಬ್ಬರು ಬಂಗಾರಪೇಟೆಯಲ್ಲಿ ಬಹಳ ಕಾಲ ಪತ್ರಿಕೆಗಳ ಏಜೆನ್ಸಿ ನಡೆಸಿದ ಹಿರಿಯರು. ಇನ್ನೊಬ್ಬಳು ಕೋಲಾರದ ಚಿನ್ನದ ಗಣಿಗಳ ಊರು ಕೆ.ಜಿ.ಎಫ್‌.ನಲ್ಲಿ ಹುಟ್ಟಿ ಬೆಳೆದು, ಈಗ ಚಿತ್ರಕಥೆಗಳ ಪುಟ್ಟ ಪ್ರಕಾಶನವೊಂದನ್ನು ಶುರುಮಾಡಿರುವವಳು. ಮಾತು ನಡೆದದ್ದು ಹಿರಿಯರ ಅಂಗಡಿಯಲ್ಲಿ.)

ಏಜೆಂಟರು: 128 ಪುಟ ಒಂದೇ ಏಟಿಗೆ ಅಚ್ಚು ಹಾಕಿಸ್ತೀನಿ ಅಂತೀಯಲ್ಲಮ್ಮಾ, ಯಾರು ಕೊಟ್ಟರು ನಿನಗೆ ಈ ಸಲಹೆ? ತಿಂಗಳಿಗೆ ಹದಿನಾರು ಪುಟದ ಹಾಗೆ ಬಿಡು. ಎಂಟು ತಿಂಗಳು ನಿನ್ನ ಹೆಸರು ಜನರ ಬಾಯಲ್ಲಿರುತ್ತೆ. ನಾನು ಕಣ್ಣಾರೆ ಕಂಡವನು. ಸುಧಾ ಬಂಡಲ್ ಬಿಚ್ಚೋದಕ್ಕೆ ಮುಂಚೆ ಜನ ಬಂದು ನಿಂತಿರ್ತಿದ್ದರು. ಯಾತಕ್ಕೆ? ಧಾರಾವಾಹಿಗೆ. ಹೋದ ವಾರ ನಾಯಕಿ ಬಾಗಿಲು ತೆಗೆದಿದ್ದಾಳೆ, ಹೊರಗೆ ನಿಂತವನು ಯಾರು ಅಂತ ಈ ವಾರ ಗೊತ್ತಾಗಬೇಕು.

ಪ್ರಕಾಶಕಿ: ಅವರು ನಿಂತಿದ್ದು ಸುಧಾ ಕೊಳ್ಳೋಕೆ ಅಣ್ಣಾ. ಅದರಲ್ಲಿ ಅಮ್ಮನಿಗೆ ಧಾರಾವಾಹಿ, ಅಪ್ಪನಿಗೆ ಲೇಖನ, ಮಕ್ಕಳಿಗೆ ಚಿತ್ರದ ಪುಟ, ಅಜ್ಜಿಗೆ ವಾರಭವಿಷ್ಯ. ಒಂದು ಧಾರಾವಾಹಿ ಸಪ್ಪೆಯಾದರೂ ಮನೆಗೆ ಪತ್ರಿಕೆ ಬರೋದು ನಿಲ್ತಿರಲಿಲ್ಲ. ಕಥೆಯನ್ನ ಹೊತ್ತುಕೊಂಡು ಬರ್ತಿದ್ದುದು ಪತ್ರಿಕೆ. ನನ್ನ ಹದಿನಾರು ಪುಟವನ್ನ ಯಾರು ಹೊತ್ತುಕೊಂಡು ಬರ್ತಾರೆ? ಅದು ತನ್ನ ಕಾಲ ಮೇಲೆ ತಾನೇ ನಡೆದುಕೊಂಡು ಬರಬೇಕು, ಅದೂ ಪ್ರತಿ ತಿಂಗಳು.

ಏಜೆಂಟರು: ಅದಕ್ಕೇನಂತೆ. ತೆಳ್ಳಗಿದ್ದರೆ ನಮ್ಮ ಅಂಗಡಿ ಹಗ್ಗಕ್ಕೆ ಕ್ಲಿಪ್ ಹಾಕಿ ನೇತು ಹಾಕಬಹುದು. ರಸ್ತೆಯಲ್ಲಿ ಹೋಗೋರಿಗೆಲ್ಲ ಕಾಣುತ್ತೆ. ನಿನ್ನ ದಪ್ಪ ಪುಸ್ತಕ ಕ್ಲಿಪ್ಪಿಗೆ ನಿಲ್ಲುತ್ತಾ? ಗಾಳಿ ಬೀಸಿದರೆ ಗಿರಾಕಿ ತಲೆ ಮೇಲೆ ಬೀಳುತ್ತೆ.

ಪ್ರಕಾಶಕಿ: ಅಂಗಡಿಯ ಹಗ್ಗಗಳು ಈಗ ಎಷ್ಟು ಉಳಿದಿವೆ ಹೇಳಿ? ಅವುಗಳಲ್ಲಿ ಗುಟ್ಕಾ ಪೊಟ್ಟಣ, ಶಾಂಪೂ ಪೊಟ್ಟಣ ನೇತಾಡ್ತಿವೆ. ಚಿತ್ರಕಥೆ ಕೊಳ್ಳೋರು ಈಗ ಹೋಗೋದು ಪುಸ್ತಕದಂಗಡಿಗೆ, ಪುಸ್ತಕಮೇಳಕ್ಕೆ. ಅಲ್ಲಿ ಪುಸ್ತಕ ಕಾಣೋದು ಬೆನ್ನಿನಿಂದ. ಸೆಂಟರ್ ಪಿನ್ ಹೊಡೆದ ಹದಿನಾರು ಪುಟಕ್ಕೆ ಬೆನ್ನೇ ಇರಲ್ಲ. ಎರಡು ದಪ್ಪ ಪುಸ್ತಕದ ಮಧ್ಯೆ ತೂರಿಸಿಟ್ಟರೆ ಮಾಲೀಕರಿಗೂ ಸಿಗಲ್ಲ. ಇರಲಿ, ಅದಕ್ಕಿಂತ ಮುಖ್ಯವಾದದ್ದು ಕೇಳ್ತೀನಿ. ಹೊಸ ಪತ್ರಿಕೆ ಬಂದಾಗ ಮೊದಲನೇ ಸಂಚಿಕೆ ಎಷ್ಟು ಕಾಪಿ ತರಿಸ್ತಿದ್ರಿ?

ಏಜೆಂಟರು: ಐವತ್ತು ಅಂತ ಇಟ್ಕೋ. ಎರಡನೇದಕ್ಕೆ ಮೂವತ್ತು. ಮೂರನೇ ತಿಂಗಳು ಯಾರು ಕೇಳಿಕೊಂಡು ಬರ್ತಾರೋ ನೋಡಿ ಹದಿನೈದೋ ಇಪ್ಪತ್ತೋ. ಉಳಿದದ್ದು ರಿಟರ್ನ್. ಎಲ್ಲ ಏಜೆಂಟರೂ ಮಾಡೋದು ಅದನ್ನೇ. ನಾವೇನು ಧರ್ಮಛತ್ರ ಇಟ್ಟಿದ್ದೀವಾ?

ಪ್ರಕಾಶಕಿ: ತಪ್ಪು ಅಂತಿಲ್ಲ. ಆದರೆ ನೋಡಿ, ಕಥೆ ಚೆನ್ನಾಗಿದ್ದರೂ ಇದು ಹೀಗೇ ಇಳಿಯುತ್ತೆ, ಮೇಲೇರೋದು ಅಪರೂಪ. ನಾಲ್ಕನೇ ಭಾಗ ನೋಡಿ ಆಸೆಪಟ್ಟ ಹೊಸಬ ‘ಹಿಂದಿನ ಮೂರು ಇದೆಯಾ?’ ಅಂತಾನೆ. ಎರಡನೇದು ಖಾಲಿಯಾಗಿದ್ದರೆ ನಾಲ್ಕನ್ನೂ ಕೆಳಗಿಟ್ಟು ಹೋಗ್ತಾನೆ. ಆ ಒಂದು ಭಾಗವನ್ನ ಇನ್ನೂರು ಪ್ರತಿ ಮತ್ತೆ ಅಚ್ಚು ಹಾಕಿಸೋಣ ಅಂದರೆ ಆಫ್‌ಸೆಟ್‌ನಲ್ಲಿ ಗಿಟ್ಟಲ್ಲ. ಮೊದಲನೇ ಭಾಗದ ಬಂಡಲ್ಲುಗಳು ಅಟ್ಟದ ಮೇಲೆ, ಎರಡನೇದು ಊರಿಗೇ ಇಲ್ಲ. ಇಡೀ ಪುಸ್ತಕವಾದರೆ ಇಂದು ಹತ್ತು, ಬರೋ ವರ್ಷ ಹತ್ತು, ಕೊಂಡವನಿಗೆ ಪೂರ್ತಿ ಕಥೆ.

ಏಜೆಂಟರು: ಖರ್ಚಿನ ಮಾತಾಡು. ಒಂದು ಫಾರಂ ಅಚ್ಚು ಹಾಕಿಸೋ ದುಡ್ಡು ಎಲ್ಲಿ, ಎಂಟು ಫಾರಮ್ಮಿನ ದುಡ್ಡು ಎಲ್ಲಿ? ಮೊದಲನೇ ತಿಂಗಳು ಬಂದ ಹಣದಲ್ಲಿ ಎರಡನೇ ತಿಂಗಳಿನ ಕಾಗದ ತರಬಹುದು. ಸಣ್ಣವರು ಬದುಕೋದೇ ಹಾಗೆ.

ಪ್ರಕಾಶಕಿ: ಬನ್ನಿ, ಆ ಲೆಕ್ಕವನ್ನೇ ಹಾಕೋಣ. ಒಳಪುಟ ಬರೀ ಕಪ್ಪು ಮಸಿ. ಹದಿನಾರು ಪುಟದ ಫಾರಮ್ಮಿಗೆ ಎರಡು ಪ್ಲೇಟು, ಮುಂದೊಂದು ಹಿಂದೊಂದು. ಎಂಟು ಫಾರಮ್ಮಿಗೆ ಹದಿನಾರು ಪ್ಲೇಟು. ಒಂದೇ ಪುಸ್ತಕ ಮಾಡಿದರೂ ಅಷ್ಟೇ, ಎಂಟು ಕಂತು ಮಾಡಿದರೂ ಅಷ್ಟೇ. ಈಗ ರಕ್ಷಾಪುಟಕ್ಕೆ ಬನ್ನಿ. ಅದು ನಾಲ್ಕು ಬಣ್ಣ, ನಾಲ್ಕು ಪ್ಲೇಟು. ಒಂದು ಪುಸ್ತಕಕ್ಕೆ ನಾಲ್ಕರಲ್ಲಿ ಮುಗೀತು. ಎಂಟು ಕಂತಿಗೆ ಮೂವತ್ತೆರಡು! ಒಳಗಿನ ಕಥೆಗಿಂತ ಹೊದಿಕೆಗೇ ದುಪ್ಪಟ್ಟು ಪ್ಲೇಟು. ಎಂಟು ಸಲ ಮೆಷಿನ್ ಹೂಡಬೇಕು, ಎಂಟು ಸಲ ಆರ್ಟ್ ಕಾರ್ಡು ತರಬೇಕು, ಎಂಟು ಸಲ ಲ್ಯಾಮಿನೇಷನ್, ಎಂಟು ಸಲ ಬೈಂಡರ್ ಹತ್ತಿರ ಓಡಾಟ. ಆಮೇಲೆ ಅಂಚೆ. ಹುಬ್ಬಳ್ಳಿಯ ಒಬ್ಬ ಓದುಗರಿಗೆ ಎಂಟು ಲಕೋಟೆ ಕಳಿಸಬೇಕು. ನಮ್ಮಂಥವರಿಗೆ ಆಸರೆಯಾಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತೇ ಹೋಯ್ತು. ಪುಸ್ತಕಕ್ಕಿಂತ ಅದನ್ನ ತಲುಪಿಸೋ ಖರ್ಚು ಜಾಸ್ತಿ ಆಗೋ ಕಾಲ ಇದು.

ಏಜೆಂಟರು: ಪತ್ರಿಕೆ ಅಂತ ನೋಂದಾಯಿಸಿಕೋ. ಅಂಚೆ ದರದಲ್ಲಿ ರಿಯಾಯಿತಿ ಇದೆಯಲ್ಲ.

ಪ್ರಕಾಶಕಿ: ಶೀರ್ಷಿಕೆ ಮಂಜೂರಾಗಬೇಕು, ನೋಂದಣಿ ಆಗಬೇಕು, ಆಮೇಲೆ ಹೇಳಿದ ತಾರೀಖಿಗೆ ಸಂಚಿಕೆ ಅಂಚೆಗೆ ಬೀಳಬೇಕು. 1867ರ ಹಳೇ ಕಾನೂನು ಹೋಗಿ 2023ರ ಹೊಸ ಕಾನೂನು ಬಂದಿದೆ, ಅರ್ಜಿ ಹಾಕೋದು ಸುಲಭ ಆಗಿರಬಹುದು, ತಾರೀಖು ಸುಲಭ ಆಗಿಲ್ಲ. ನನ್ನ ಹತ್ತಿರ ಇರೋನು ಒಬ್ಬನೇ ಕಲಾವಿದ. ಒಂದು ಪುಟಕ್ಕೆ ಪೆನ್ಸಿಲ್, ಇಂಕು, ಅಕ್ಷರ ಎಲ್ಲ ಸೇರಿ ಎರಡು ದಿನ ಹಿಡಿಯುತ್ತೆ. ಹದಿನಾರು ಪುಟ ಅಂದರೆ ತಿಂಗಳು ಪೂರ್ತಿ, ಭಾನುವಾರವೂ ಸೇರಿ. ಅವನಿಗೆ ಜ್ವರ ಬರಬಾರದು, ತಂಗಿ ಮದುವೆ ಇರಬಾರದು, ಬೆಂಗಳೂರಿನ ಆ್ಯನಿಮೇಷನ್ ಕಂಪನಿಯವರು ಕರೆದರೆ ಹೋಗಬಾರದು. ಐದನೇ ಕಂತಿಗೆ ಅವನು ಬಿಟ್ಟು ಹೋದ ಅಂತಿಟ್ಟುಕೊಳ್ಳಿ. ನಾಲ್ಕು ಕಂತಿಗೆ ದುಡ್ಡು ಕೊಟ್ಟವರ ಮುಖ ನಾನು ಹೇಗೆ ನೋಡಲಿ?

ಏಜೆಂಟರು: ತಾರೀಖು ಇಲ್ಲದಿದ್ದರೆ ನಿನ್ನ ಕಲಾವಿದ ಮುಗಿಸೋದೇ ಇಲ್ಲ, ಬರೆದಿಟ್ಟುಕೋ. ಹಿಂದಿನ ದೊಡ್ಡ ದೊಡ್ಡ ಕಾದಂಬರಿಕಾರರು ಮುಗಿಸಿದ್ದೇ ವಾರಪತ್ರಿಕೆ ಸಂಪಾದಕರು ಮನೆ ಬಾಗಿಲಿಗೆ ಆಳು ಕಳಿಸ್ತಿದ್ದರು ಅಂತ.

ಪ್ರಕಾಶಕಿ: ಅದು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮುಗಿಯದ ಪುಸ್ತಕ ಎಷ್ಟೋ ಜನರ ಮೇಜಿನ ಖಾನೆಯಲ್ಲಿ ಸತ್ತಿದೆ. ಆದರೆ ಖಾನೆಯಲ್ಲಿ ಸತ್ತರೆ ನನಗೆ ಮಾತ್ರ ನಷ್ಟ.

ಏಜೆಂಟರು: ಹೂಂ. ಇನ್ನೊಂದು ಕೇಳ್ತೀನಿ. ಇಂದ್ರಜಾಲ ಕಾಮಿಕ್ಸ್ ನೆನಪಿದೆಯಾ ನಿನಗೆ? ಇಲ್ಲ ಬಿಡು, ನೀನು ಹುಟ್ಟೋ ಹೊತ್ತಿಗೆ ಅದು ನಿಂತಿತ್ತು. ಫ್ಯಾಂಟಮ್ಮು, ಮಾಂಡ್ರೇಕು. ಕನ್ನಡದಲ್ಲೂ ಬರ್ತಿತ್ತು. ಬಂಡಲ್ ಬಂದ ದಿನ ಸ್ಕೂಲ್ ಹುಡುಗರ ದಂಡು.

ಪ್ರಕಾಶಕಿ: 1964ರಲ್ಲಿ ಶುರುವಾಗಿ 1990ರಲ್ಲಿ ನಿಂತಿದ್ದು. ಟೈಮ್ಸ್ ಆಫ್ ಇಂಡಿಯಾದವರ ಪ್ರಕಟಣೆ. ಅಷ್ಟು ದೊಡ್ಡ ಸಂಸ್ಥೆ ಬೆನ್ನಿಗಿದ್ದರೂ ನಿಂತಿತು. ಅದೇ ಮುಂಬಯಿಯಿಂದ ಅದೇ ಕಾಲದಲ್ಲಿ ಹೊರಟ ಅಮರ ಚಿತ್ರಕಥೆ ಇವತ್ತಿಗೂ ಅಂಗಡಿಯಲ್ಲಿದೆ. ಯಾಕೆ? ಒಂದೊಂದೂ ಮೂವತ್ತೆರಡು ಪುಟದಲ್ಲಿ ಮುಗಿದ ಕಥೆ. ಕರ್ಣನನ್ನ ಕೊಳ್ಳೋಕೆ ಅದರ ಹಿಂದಿನ ಸಂಖ್ಯೆಯದ್ದು ಬೇಕಿಲ್ಲ. ಮುಗಿದರೆ ಮತ್ತೆ ಅಚ್ಚು ಹಾಕ್ತಾರೆ. ನೀವು ನಂಬ್ತೀರೋ ಇಲ್ಲವೋ, ಅದರ ಬೇರು ಇರೋದೂ ಕನ್ನಡದಲ್ಲಿ.

ಏಜೆಂಟರು: ಅನಂತ ಪೈ ಅಲ್ಲವಾ ಅದನ್ನ ಮಾಡಿದ್ದು? ಕಾರ್ಕಳದವರು.

ಪ್ರಕಾಶಕಿ: ಹೌದು, 1967 ಅಂತ ಎಲ್ಲರೂ ಬರೀತಾರೆ. ಆದರೆ ಅದನ್ನ ಪ್ರಕಟಿಸಿದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಹೇಳಿಕೊಂಡ ಪ್ರಕಾರ, 1965ರಲ್ಲೇ ಕನ್ನಡದಲ್ಲಿ ಮೊದಲ ಹತ್ತು ಪುಸ್ತಕ ಬಂದಿದ್ದವು. ಸಿಂಡ್ರೆಲಾ ಥರದ ಪರದೇಶದ ಕಥೆಗಳು. ಇಂಗ್ಲಿಷಿನ ಅಮರ ಚಿತ್ರಕಥೆ ಹನ್ನೊಂದನೇ ಸಂಖ್ಯೆಯ ಕೃಷ್ಣನಿಂದ ಶುರುವಾಗಿದ್ದು ಯಾಕೆ ಅನ್ನೋದಕ್ಕೆ ಅವರು ಕೊಡೋ ಕಾರಣ ಅದು. ಅಂದರೆ ಪುಸ್ತಕ ಮಾರೋ ಮನುಷ್ಯನ ತಲೆಯಲ್ಲಿ ಹುಟ್ಟಿದ ಉಪಾಯ. ಮಾರೋರಿಗೆ ಗೊತ್ತಿತ್ತು, ಒಂದು ಕೈಗೆ ಒಂದು ಕಥೆ ಪೂರ್ತಿ ಸಿಗಬೇಕು ಅಂತ.

ಏಜೆಂಟರು: ಸುಧಾ ಹುಟ್ಟಿದ್ದೂ 1965ರಲ್ಲೇ. ಒಂದೇ ವರ್ಷ ಎರಡು ದಾರಿ.

ಪ್ರಕಾಶಕಿ: ಅದೇ ವರ್ಷ ನಮ್ಮ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ವಿಜ್ಞಾನಿಗಳು ಆಕಾಶದಿಂದ ಇಳಿದ ನ್ಯೂಟ್ರಿನೊ ಗುರುತಿಸಿದ್ದರು. ಎರಡು ಕಿಲೋಮೀಟರಿಗಿಂತ ಕೆಳಗೆ ಕೂತು. ಅದನ್ನೂ ಪುಸ್ತಕದಲ್ಲಿ ತರ್ತೀನಿ, ಎರಡೇ ಪುಟ, ಮಾತಿಲ್ಲದೆ. ಗಣಿ ಕೆಲಸಗಾರ ಊಟದ ಕ್ಯಾರಿಯರ್ ಬಿಚ್ಚುತ್ತಾ, ಕತ್ತಲಲ್ಲಿ ಮಿಣುಕೋ ಉಪಕರಣದ ಮುಂದೆ ಕೂತಿರೋ ಕನ್ನಡಕದ ಹುಡುಗನನ್ನ ನೋಡ್ತಾನೆ. ಕಂತಿನಲ್ಲಿ ಕೊಟ್ಟರೆ ಈ ಎರಡು ಪುಟ ದಂಡ, ಕಥೆ ಮುಂದಕ್ಕೆ ಹೋಗಲ್ಲ ಅಂತ ಓದುಗರು ಬೈತಾರೆ. ಪುಸ್ತಕದಲ್ಲಿ ಅಷ್ಟು ಜಾಗ ಇದೆ.

ಏಜೆಂಟರು: ಚಂದಮಾಮ? ಅದರಲ್ಲಿ ಬೇತಾಳ ಎಷ್ಟು ದಶಕ ವಿಕ್ರಮನ ಹೆಗಲ ಮೇಲೇ ಇದ್ದ? ಅದಕ್ಕಿಂತ ದೊಡ್ಡ ಧಾರಾವಾಹಿ ಇದೆಯಾ?

ಪ್ರಕಾಶಕಿ: ಒಳ್ಳೇ ಕಡೆ ಹಿಡಿದ್ರಿ. ಆದರೆ ಬೇತಾಳ ಪ್ರತಿ ತಿಂಗಳು ಒಂದು ಕಥೆಯನ್ನ ಪೂರ್ತಿ ಹೇಳಿ, ಪ್ರಶ್ನೆ ಕೇಳಿ, ಉತ್ತರ ಪಡೆದು, ಆಮೇಲೆ ಮರಕ್ಕೆ ಹಾರ್ತಿದ್ದ. ನಡುವೆ ಆರು ತಿಂಗಳು ಪತ್ರಿಕೆ ತಪ್ಪಿದರೂ ಓದುಗನಿಗೆ ಏನೂ ನಷ್ಟ ಇರಲಿಲ್ಲ. ಹೊರಗಿನ ಚೌಕಟ್ಟು ಮಾತ್ರ ಮುಗಿಯದ್ದು, ಒಳಗಿನದೆಲ್ಲ ಮುಗಿದದ್ದು. ಶಂಕರ್ ಬರೀತಿದ್ದ ಆ ಒಂದು ಚಿತ್ರ ಸಾಕಿತ್ತು ಅಷ್ಟನ್ನೂ ಕಟ್ಟಿಡೋಕೆ, ಕತ್ತಿ ಹಿಡಿದ ರಾಜ, ಹೆಗಲ ಮೇಲೆ ಹೆಣ. ಹಾಗೇ ಅಮರ ಚಿತ್ರಕಥೆಯವರು ಮಹಾಭಾರತವನ್ನ 42 ಸಂಚಿಕೆ ಮಾಡಿದರು. ನಡೀತು. ಅಭಿಮನ್ಯು ಚಕ್ರವ್ಯೂಹದೊಳಗೆ ಹೋದ, ಮುಂದೇನು ಅಂತ ಈ ದೇಶದಲ್ಲಿ ಯಾರು ಕೇಳ್ತಾರೆ? ಎಲ್ಲರಿಗೂ ಗೊತ್ತಿರೋ ಕಥೆಯನ್ನ ಎಷ್ಟು ಕಂತು ಬೇಕಾದರೂ ಮಾಡಬಹುದು, ಹರಿಕಥೆ ದಾಸರು ಮಾಡಿದ ಹಾಗೆ. ನನ್ನದು ಯಾರಿಗೂ ಗೊತ್ತಿಲ್ಲದ ಕಥೆ.

ಏಜೆಂಟರು: ರಾಬರ್ಟ್‌ಸನ್‌ಪೇಟೆ ಕಡೆ ನನ್ನ ಗಿರಾಕಿಗಳು ತಮಿಳು ಕಾಮಿಕ್ಸ್ ಕೇಳೋರು. ಶಿವಕಾಶಿಯಿಂದ ಬರ್ತಿತ್ತು, ಮುತ್ತು ಕಾಮಿಕ್ಸು, ಲಯನ್ ಕಾಮಿಕ್ಸು. ಇರುಂಬುಕ್ಕೈ ಮಾಯಾವಿ ಅಂತ, ಕಬ್ಬಿಣದ ಕೈಯವನು. ಕರೆಂಟ್ ಹಿಡಿದರೆ ಮಾಯ ಆಗ್ತಿದ್ದ, ಕೈಯೊಂದು ಮಾತ್ರ ಕಾಣೋದು. ಅವರು ಸಣ್ಣವರೇ. ಇನ್ನೂ ನಡೆಸ್ತಿದ್ದಾರಂತೆ?

ಪ್ರಕಾಶಕಿ: ನನಗೆ ಗುರುಗಳೇ ಅವರು. ಮುತ್ತು ಕಾಮಿಕ್ಸ್ ಎಪ್ಪತ್ತರ ದಶಕದ ಆರಂಭದ್ದು, ಲಯನ್ 1984ರದ್ದು. ನಡುವೆ ಸೊರಗಿ, 2012ರಲ್ಲಿ ಮತ್ತೆ ಎದ್ದರು. ಅಂಗಡಿಗಳನ್ನ ನಂಬೋದು ಕಡಿಮೆ ಮಾಡಿ, ವರ್ಷದ ಚಂದಾ ಮೊದಲೇ ಕಟ್ಟಿಸಿಕೊಳ್ತಾರೆ, ಎಷ್ಟು ಜನ ಇದ್ದಾರೆ ಅಂತ ನೋಡಿ ಅಚ್ಚು ಹಾಕ್ತಾರೆ. ಪರದೇಶದ ಆಲ್ಬಮ್‌ಗಳನ್ನ ತಮಿಳಿಗೆ ತರ್ತಾರೆ. ಅವರಿಗೆ ಒಂದು ಕಥೆ ಬಹಳ ಕಾಡಿತ್ತು. ಬೆಲ್ಜಿಯಂನಲ್ಲಿ 1984ರಲ್ಲಿ ಶುರುವಾದ ‘ಥರ್ಟೀನ್’, ನೆನಪು ಕಳಕೊಂಡವನ ಕಥೆ. ತಾನು ಯಾರು ಅಂತ ಹುಡುಕ್ತಾ ಹೋಗ್ತಾನೆ, ಹೋಗ್ತಾನೆ, ಆಲ್ಬಮ್ ಮೇಲೆ ಆಲ್ಬಮ್. ಅದು ತಮಿಳಿನಲ್ಲಿ ಬಿಡಿ ಬಿಡಿಯಾಗಿ ಬರೋ ಹೊತ್ತಿಗೆ ಓದುಗರಿಗೂ ನೆನಪು ಹೋಗಿತ್ತು. ಕೊನೆಗೆ 2010ರಲ್ಲಿ ಹದಿನೆಂಟು ಭಾಗವನ್ನೂ ಒಟ್ಟಿಗೆ ಹೊಲಿದು 800 ಪುಟ ದಾಟಿದ ಒಂದೇ ಪುಸ್ತಕ ತಂದರು, ಕಪ್ಪು ಬಿಳುಪಿನಲ್ಲಿ. ಇವತ್ತು ಹಳೇ ಪುಸ್ತಕ ಕೂಡಿಡೋರು ಅದಕ್ಕೆ ಬಾಯಿಬಿಡ್ತಾರೆ.

ಏಜೆಂಟರು: ಅಂದರೆ ಮೊದಲು ಕಂತು ಬಂದಿದ್ದಕ್ಕೇ ಅಲ್ಲವಾ ದಪ್ಪದ್ದಕ್ಕೆ ಗಿರಾಕಿ ಹುಟ್ಟಿದ್ದು? ನನ್ನ ಮಾತೇ ಗೆದ್ದಿತು.

ಪ್ರಕಾಶಕಿ: ಅರ್ಧ ಗೆದ್ದಿತು. ನಿಮ್ಮ ಪರವಾಗಿ ಇನ್ನೊಂದನ್ನ ನಾನೇ ಹೇಳಿಬಿಡ್ತೀನಿ. ಗ್ರಾಫಿಕ್ ಕಾದಂಬರಿ ಅಂದ ತಕ್ಷಣ ಎಲ್ಲರೂ ಹೆಸರಿಸೋ ‘ಮೌಸ್’ ಕೂಡ ಕಂತಿನಲ್ಲೇ ಬಂದದ್ದು. ಹಿಟ್ಲರನ ಕ್ಯಾಂಪಿನಿಂದ ಬದುಕಿ ಬಂದ ಅಪ್ಪನ ಕಥೆ. ಆರ್ಟ್ ಸ್ಪೀಗೆಲ್‌ಮನ್ 1980ರಿಂದ ‘ರಾ’ ಅನ್ನೋ ಪತ್ರಿಕೆಯಲ್ಲಿ ಅಧ್ಯಾಯ ಅಧ್ಯಾಯವಾಗಿ ಬರೆದರು, 1986ರಲ್ಲಿ ಮೊದಲ ಪುಸ್ತಕ, 1991ರಲ್ಲಿ ಎರಡನೇದು. ಆದರೆ ಆ ಪತ್ರಿಕೆ ಅವರದೂ ಅವರ ಹೆಂಡತಿ ಫ್ರಾನ್ಸ್ವಾಸ್ ಮೂಲಿಯದೂ. ಬರೆಯೋನೂ ಅವನೇ, ಅಚ್ಚು ಹಾಕೋನೂ ಅವನೇ. ಹತ್ತು ವರ್ಷ ಹಿಡಿದರೂ ಕೇಳೋರಿಲ್ಲ. ಇನ್ನು ಇರಾನಿನ ಮರ್ಜಾನ್ ಸತ್ರಾಪಿಯ ‘ಪರ್ಸೆಪೊಲಿಸ್’, ಫ್ರಾನ್ಸಿನ ಲಾಸೊಸಿಯಾಸಿಯೋಂ ಅನ್ನೋ ಸಣ್ಣ ಪ್ರಕಾಶನದಿಂದ 2000ದಿಂದ 2003ರವರೆಗೆ ನಾಲ್ಕು ಸಂಪುಟವಾಗಿ ಬಂತು. ಅಲ್ಲಿ ಒಂದೊಂದು ಸಂಪುಟವೂ ಬದುಕಿನ ಒಂದೊಂದು ಘಟ್ಟ ಮುಗಿಸಿ ನಿಲ್ಲುತ್ತೆ. ಇತ್ತ ನಮ್ಮ ದೇಶದಲ್ಲಿ ಒರಿಜಿತ್ ಸೇನ್ 1994ರಲ್ಲಿ ನರ್ಮದಾ ಕಣಿವೆಯ ಬಗ್ಗೆ ‘ರಿವರ್ ಆಫ್ ಸ್ಟೋರೀಸ್’ ಮಾಡಿದಾಗ ಇಡೀ ಪುಸ್ತಕವನ್ನೇ ತಂದದ್ದು, ಕಲ್ಪವೃಕ್ಷ ಅನ್ನೋ ಪರಿಸರ ಸಂಘಟನೆಯಿಂದ. ಅಣೆಕಟ್ಟಿಗೆ ಮನೆ ಕಳಕೊಳ್ಳೋರ ಕಥೆಯನ್ನ ಕುತೂಹಲದ ಕಂತು ಮಾಡೋಕಾಗುತ್ತಾ?

ಏಜೆಂಟರು: ಈಗ ಅಸಲು ವಿಷಯಕ್ಕೆ ಬಂದೆ. ನಿನ್ನ ಕಥೆ ಏನು?

ಪ್ರಕಾಶಕಿ: ಗಣಿ ಕಾರ್ಮಿಕರ ಒಂದು ಲೈನ್ ಮನೆ. ಮೂರು ತಲೆಮಾರು. ಮುತ್ತಾತ ಆರ್ಕಾಟ್ ಕಡೆಯಿಂದ ನಡೆದುಕೊಂಡು ಬಂದವನು, ಜಾನ್ ಟೇಲರ್ ಕಂಪನಿ ಗಣಿ ನಡೆಸ್ತಿದ್ದ ಕಾಲ. ಕೊನೆಗೆ 2001ರ ಫೆಬ್ರವರಿ 28, ಗಣಿ ಮುಚ್ಚಿದ ದಿನ. ನಡುವೆ ಒಂದು ಏರ್‌ಬ್ಲಾಸ್ಟ್ ಇದೆ. ಮೂರು ಕಿಲೋಮೀಟರ್ ಆಳಕ್ಕೆ ತೋಡಿದ ಮೇಲೆ ಮೇಲಿನ ಭಾರಕ್ಕೆ ಬಂಡೆ ತಾನಾಗಿ ಸಿಡಿಯೋದು. ಮೇಲೆ ಮನೆಗಳಲ್ಲಿ ಪಾತ್ರೆ ಅಲ್ಲಾಡೋದು, ಹೆಂಗಸರು ಶಾಫ್ಟ್ ಕಡೆ ಓಡೋದು. ನಿಮ್ಮ ಸಲಹೆಯ ಪ್ರಕಾರ ಕಂತು ಎಲ್ಲಿ ನಿಲ್ಲಿಸಬೇಕು ಹೇಳಿ?

ಏಜೆಂಟರು: ಅಲ್ಲೇ. ಹೆಂಗಸರು ಓಡ್ತಿದ್ದಾರೆ, ಸಶೇಷ.

ಪ್ರಕಾಶಕಿ: ಅದನ್ನ ಕೊಂಡು ಓದೋನು ಯಾರು? ಚಾಂಪಿಯನ್ ರೀಫ್‌ನಲ್ಲೋ ಮಾರಿಕುಪ್ಪದಲ್ಲೋ ಇರೋ ಹುಡುಗ. ಅವನ ತಾತ ಹಾಗೆ ಮೇಲೆ ಬಾರದೇ ಉಳಿದಿರಬಹುದು. ಆ ಅಜ್ಜಿ ಶಾಫ್ಟ್ ಹತ್ತಿರ ನಿಂತದ್ದನ್ನ ನಾನು ಹದಿನಾರು ಪುಟದ ಕೊನೆಗೆ ಗಾಳದ ಮುಳ್ಳಿನ ಹಾಗೆ ಇಟ್ಟು, ಮುಂದಿನ ತಿಂಗಳು ಮತ್ತೆ ದುಡ್ಡು ತಾ ಅನ್ನಲಾ? ಬೇರೆ ಊರಿನಲ್ಲಿ ಕೂತು ಬರೆದಿದ್ದರೆ ಮಾಡ್ತಿದ್ದೆನೋ ಏನೋ. ಇಲ್ಲಿ ಕೂತು ಆಗಲ್ಲ. ಸಾವು ನಡೆದ ಪುಟ ತಿರುಗಿಸಿದರೆ ಅದರ ಮುಂದಿನ ಪುಟದಲ್ಲೇ ಅದು ಯಾರು ಅಂತ ತಿಳೀಬೇಕು. ಆಮೇಲೆ ಹದಿನೈದು ಪುಟ ಆ ಮನೆಯಲ್ಲಿ ಏನೂ ನಡೆಯಬಾರದು. ಸೈರನ್ನು, ಪಾಳಿ, ನೀರಿನ ಸಾಲು, ಮತ್ತೆ ಸೈರನ್ನು. ಆ ಬರಿದಾದ ಹದಿನೈದು ಪುಟ ಕಂತಿನಲ್ಲಿ ಯಾರು ಕೊಳ್ತಾರೆ? ಆದರೆ ಪುಸ್ತಕದ ಜೀವ ಇರೋದೇ ಅಲ್ಲಿ.

ಏಜೆಂಟರು: ... ಆಯ್ತು. ಸಿನಿಮಾದವರು ಎರಡು ಭಾಗ ಮಾಡಲಿಲ್ವಾ, ನಿಮ್ಮೂರ ಹೆಸರಲ್ಲೇ? ಜನ ಕಾದು ನೋಡಿದರು.

ಪ್ರಕಾಶಕಿ: 2018ರ ಡಿಸೆಂಬರ್‌ನಲ್ಲಿ ಒಂದು, 2022ರ ಏಪ್ರಿಲ್‌ನಲ್ಲಿ ಇನ್ನೊಂದು. ಮೂರು ವರ್ಷಕ್ಕೂ ಮೇಲೆ ಕಾದರು. ಆ ಮೂರು ವರ್ಷ ಸಿನಿಮಾ ತೆಗೆದ ಹೊಂಬಾಳೆಯವರು ಪೋಸ್ಟರ್ರು, ಟೀಸರ್ರು ಬಿಡ್ತಾ ಜನರ ನೆನಪನ್ನ ಆರದ ಹಾಗೆ ನೋಡಿಕೊಂಡರು. ನೆನಪು ಕಾಯೋದಕ್ಕೂ ದುಡ್ಡು ಬೇಕು. ನನ್ನ ಹತ್ತಿರ ಇರೋದು ವಾಟ್ಸಾಪ್ ಗುಂಪು. ಅಲ್ಲದೆ ನಮ್ಮೂರಿಗೆ ಮುಂದುವರಿಯೋ ಕಥೆಗಳು ಸಾಲದೇ ಹೋಗಿವೆಯಾ? ಗಣಿ ಮುಚ್ಚಿದಾಗಿನಿಂದ ಇವತ್ತು ತೆಗೀತಾರೆ, ನಾಳೆ ತೆಗೀತಾರೆ. ಟೆಂಡರು, ಕೋರ್ಟು, ಮತ್ತೆ ಟೆಂಡರು. 2024ರಲ್ಲಿ ಗಣಿ ತ್ಯಾಜ್ಯದ ಸೈನೈಡ್ ಗುಡ್ಡಗಳ ಮಣ್ಣಿನಿಂದ ಚಿನ್ನ ತೆಗೀಲಿ ಅಂತ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಾಗ ನಮ್ಮ ಬೀದಿಯವರು ಪೇಪರ್ ಮಡಿಚಿಟ್ಟು ಟೀ ಕುಡಿದರು, ಅಷ್ಟೇ.

ಏಜೆಂಟರು: ಹಂಗಾದರೆ ಓದುಗರ ಪತ್ರ? ಕಂತು ಬಿಟ್ಟರೆ ಜನ ಬರೀತಾರೆ, ತಪ್ಪಿದ್ದರೆ ತಿದ್ದುತ್ತಾರೆ. ನೀನು ಬಾಗಿಲು ಹಾಕಿಕೊಂಡು ಒಂದೂವರೆ ವರ್ಷ ಬರೆದರೆ ತಪ್ಪು ಯಾರು ಹೇಳ್ತಾರೆ?

ಪ್ರಕಾಶಕಿ: ಕಂತಿನಲ್ಲಿ ತಪ್ಪು ಗೊತ್ತಾಗೋ ಹೊತ್ತಿಗೆ ಅದು ಅಚ್ಚಾಗಿ ಮನೆಮನೆ ಸೇರಿರುತ್ತೆ. ಅದಕ್ಕೇ ಪೆನ್ಸಿಲ್ ಪುಟಗಳನ್ನ ನಿವೃತ್ತ ಗಣಿ ಕಾರ್ಮಿಕರ ಮುಂದೆ ಹರಡ್ತೀವಿ. ಮೊನ್ನೆ ಒಬ್ಬರು ಕನ್ನಡಕ ಮೂಗಿಗೆ ಇಳಿಸಿ ನೋಡ್ತಾ ಬಂದರು. ಕೇಜ್, ಅಂದರೆ ಗಣಿಯ ಲಿಫ್ಟು, ಇಳಿಯೋ ಪುಟ. ನಾವು ಕೆಲಸಗಾರರನ್ನ ಕೇಜಿನೊಳಗೆ ಆರಾಮಾಗಿ ನಿಲ್ಲಿಸಿದ್ದೆವು, ಒಬ್ಬ ಕೈ ಬೀಸಿಕೊಂಡು ಮಾತಾಡ್ತಿದ್ದಾನೆ. ಅವರು ಬೆರಳಿಟ್ಟು ಹೇಳಿದರು, ಕೈ ಎಲ್ಲಿ ಬೀಸ್ತೀರಿ? ಒಬ್ಬರ ಉಸಿರು ಇನ್ನೊಬ್ಬರ ಕತ್ತಿಗೆ ತಾಗ್ತಿತ್ತು, ಯಾರೂ ಮಾತಾಡ್ತಿರಲಿಲ್ಲ, ಕಿವಿ ಗುಂಯ್ ಅಂತಿತ್ತು. ಆ ಪುಟ ಒಂದೇ ಅಲ್ಲ, ಕೇಜ್ ಬರೋ ಅಷ್ಟೂ ಪುಟ ಬದಲಾದವು. ಮಾತಿನ ಬಲೂನ್ ಎಲ್ಲ ತೆಗೆದೆವು. ಈಗ ಅದು ಪುಟದ ತಲೆಯಿಂದ ಬುಡದವರೆಗೆ ಉದ್ದಕ್ಕೆ ಒಂದೇ ಚೌಕ, ಸುತ್ತ ಕಪ್ಪು, ನಡುವೆ ಒತ್ತಿಕೊಂಡ ಮುಖಗಳು. ಕಥೆಯಲ್ಲಿ ನಾಲ್ಕು ಸಲ ಆ ಚೌಕ ಬರುತ್ತೆ, ಪ್ರತಿ ಸಲ ಮುಖಗಳು ಒಂದಿಷ್ಟು ಕಮ್ಮಿ. ಮೊದಲ ಕಂತು ಆಗಲೇ ಹೊರಗೆ ಹೋಗಿದ್ದರೆ ಇದನ್ನ ಹೊಸದಾಗಿ ಕಟ್ಟೋಕೆ ಆಗ್ತಿತ್ತಾ?

ಏಜೆಂಟರು: ಭಾಷೆ? ನಮ್ಮಲ್ಲಿ ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಸ್ಕೂಲಲ್ಲಿ ಒಂದು.

ಪ್ರಕಾಶಕಿ: ಕನ್ನಡ ಲಿಪಿ. ಅಜ್ಜಿ ತಮಿಳು ಬೆರೆಸ್ತಾಳೆ, ಅಂಗಡಿಯವನು ತೆಲುಗು. ಬಂಗಾರಪೇಟೆಯವರಿಗೆ ಟಿಪ್ಪಣಿ ಬೇಕಿಲ್ಲ. ಧಾರವಾಡದವರು ಮೊದಲ ಹತ್ತು ಪುಟ ಒದ್ದಾಡಿದರೂ ಹದಿನೈದನೇ ಪುಟದ ಹೊತ್ತಿಗೆ ಕಿವಿ ಪಳಗುತ್ತೆ. ಹದಿನಾರಕ್ಕೇ ನಿಲ್ಲಿಸಿದರೆ ಪಳಗಿದ ಕಿವಿ ತಿಂಗಳಲ್ಲಿ ಮತ್ತೆ ಮಂದ.

ಏಜೆಂಟರು: ಗ್ರಂಥಾಲಯ ಇಲಾಖೆಗೆ ಹಾಕ್ತೀಯಾ?

ಪ್ರಕಾಶಕಿ: ಹಾಕ್ತೀನಿ. ಅಲ್ಲೂ ಪುಸ್ತಕವೇ ಬೇಕು. ಸಗಟು ಖರೀದಿಯಲ್ಲಿ ಪುಟದ ಲೆಕ್ಕಕ್ಕೆ ದರ. ಎಂಟು ಕಂತು ಕಳಿಸಿ, ಆಯ್ಕೆಯವರು ಮೂರನೇದನ್ನೂ ಆರನೇದನ್ನೂ ಮಾತ್ರ ಆರಿಸಿದರೆ ರಾಜ್ಯದ ಗ್ರಂಥಾಲಯಗಳಲ್ಲೆಲ್ಲ ತಲೆ ಇಲ್ಲದ, ಬಾಲ ಇಲ್ಲದ ಕಥೆ.

ಏಜೆಂಟರು: ಎಲ್ಲ ಸರಿ. ಈಗ ನನ್ನ ಕೊನೇ ಪ್ರಶ್ನೆ, ಇದಕ್ಕೆ ಜಾರಿಕೊಳ್ಳಬೇಡ. ಬೆಲೆ ಎಷ್ಟು?

ಪ್ರಕಾಶಕಿ: 350 ರೂಪಾಯಿ ಆಗಬಹುದು.

ಏಜೆಂಟರು: ನೋಡಿದೆಯಾ. ಕಂತಾದರೆ 40 ರೂಪಾಯಿ. ಈ ಊರಿನ ಹುಡುಗ ಪಾನಿಪುರಿ ಗಾಡಿ ಹತ್ತಿರ ನಿಂತು 40 ರೂಪಾಯಿ ತೆಗೀತಾನೆ, ಲೆಕ್ಕ ಹಾಕಲ್ಲ. 350 ಅಂದರೆ ಮನೆಗೆ ಹೋಗಿ ಕೇಳಬೇಕು. ಯಾರ ಕಥೆ ಬರೀತಿದ್ದೀಯೋ ಅವರೇ ಕೊಳ್ಳೋಕಾಗದ ಪುಸ್ತಕ ಮಾಡ್ತಿದ್ದೀಯ. ನಿನ್ನ ಪ್ಲೇಟಿನ ಲೆಕ್ಕ ನಿನಗೆ ಲಾಭ. ಅವನಿಗೆ?

ಪ್ರಕಾಶಕಿ: ಎಂಟು ನಲವತ್ತು 320. ಕಂತಿನಲ್ಲೂ ಅವನು ಕಡೆಗೆ ಹೆಚ್ಚುಕಡಿಮೆ ಅಷ್ಟೇ ಕೊಡಬೇಕು.

ಏಜೆಂಟರು: ಕಡೆಗೆ ಕೊಡೋದು ಬೇರೆ, ಇವತ್ತು ಕೊಡೋದು ಬೇರೆ. ಸಂಬಳ ತಗೊಳ್ಳೋರಿಗೆಲ್ಲ ಗೊತ್ತು ಅದು.

ಪ್ರಕಾಶಕಿ: ಗೊತ್ತು. ಇದೊಂದಕ್ಕೆ ನನಗೆ ನಿದ್ದೆ ಬರ್ತಿಲ್ಲ. ಮುಂಗಡ ಕೊಟ್ಟವರಿಗೆ 250 ಮಾಡಬಹುದು, ಶಿವಕಾಶಿಯವರ ಥರ. ಆದರೆ ಮುಂಗಡ ಕೊಡೋನು ಬೆಂಗಳೂರಿನ ಐಟಿಯವನು, ಗಾಡಿ ಹತ್ತಿರ ನಿಂತ ಹುಡುಗ ಅಲ್ಲ. ಬೆಳಗಿನ ರೈಲಿನಲ್ಲಿ ಪಾಸ್ ಮಾಡಿಸಿಕೊಂಡು ಬೆಂಗಳೂರಿಗೆ ಹೋಗಿಬರೋ ಸಾವಿರಾರು ಹುಡುಗರು ನನ್ನ ನಿಜವಾದ ಓದುಗರು. ಹದಿನಾರು ಪುಟ ಟೇಕಲ್ ಬರೋದರೊಳಗೆ ಮುಗಿದು ಹೋಗುತ್ತೆ. 128 ಪುಟ ಆದರೆ ಬಂಗಾರಪೇಟೆಯಲ್ಲಿ ಹಿಡಿದದ್ದು ವೈಟ್‌ಫೀಲ್ಡ್ ದಾಟೋವರೆಗೆ ಬರುತ್ತೆ. ಓದೋ ಹೊತ್ತು ಅವರಿಗಿದೆ. ದುಡ್ಡೇ...

ಏಜೆಂಟರು: ಬಾಡಿಗೆ ಲೈಬ್ರರಿ ಇದ್ದದ್ದು ಗೊತ್ತಾ ನಿನಗೆ? ನನ್ನ ಅಂಗಡಿಯಲ್ಲೇ ಹಿಂದುಗಡೆ ಎರಡು ಬೀರು ಇತ್ತು. ಕಾದಂಬರಿ, ದಿನಕ್ಕೆ ಇಷ್ಟು ಪೈಸೆ ಅಂತ. ಡಿಪಾಸಿಟ್ ಇಟ್ಟು ತಗೊಂಡು ಹೋಗೋರು. ಒಂದು ಪುಸ್ತಕ ನಲವತ್ತು ಮನೆ ತಿರುಗಿ ಬರೋದು. ಪತ್ರಿಕೆ ಯಾವತ್ತೂ ಬಾಡಿಗೆಗೆ ಕೊಡಲಿಲ್ಲ ನಾನು, ಕೊಟ್ಟರೆ ವಾಪಸ್ ಬರಲ್ಲ, ಬಂದರೂ ಮಧ್ಯದ ಪುಟ ಇರಲ್ಲ.

ಪ್ರಕಾಶಕಿ: ಬೀರು ಇನ್ನೂ ಇದೆಯಾ?

ಏಜೆಂಟರು: ಒಂದಿದೆ. ಈಗ ಅದರಲ್ಲಿ ಜೆರಾಕ್ಸ್ ಕಾಗದ. ಐದು ಕಾಪಿ ಕೊಡು, ದಿನಕ್ಕೆ ಹತ್ತು ರೂಪಾಯಿ ಇಡ್ತೀನಿ. ಆದರೆ ಬೈಂಡಿಂಗ್ ಹೇಗೆ ಮಾಡಿಸ್ತೀಯ?

ಪ್ರಕಾಶಕಿ: ಪರ್ಫೆಕ್ಟ್ ಬೈಂಡಿಂಗ್. ಗೋಂದು.

ಏಜೆಂಟರು: ಗೋಂದಾದರೆ ಇಪ್ಪತ್ತು ಕೈ ಬದಲಾಗೋದರೊಳಗೆ ನಿನ್ನ ಕೇಜಿನ ಪುಟ ಒಬ್ಬನ ಮನೆಯಲ್ಲಿ, ಏರ್‌ಬ್ಲಾಸ್ಟ್ ಇನ್ನೊಬ್ಬನ ಮನೆಯಲ್ಲಿ. ಹೊಲಿಗೆ ಹಾಕಿಸು.

ಪ್ರಕಾಶಕಿ: ಹೊಲಿಗೆಗೆ ಪ್ರತಿಗೆ ಇನ್ನಷ್ಟು ಬೀಳುತ್ತೆ ಅಣ್ಣಾ, ಬೆಲೆ ಮತ್ತೆ ಏರುತ್ತೆ.

ಏಜೆಂಟರು: ಎಲ್ಲದಕ್ಕೂ ಬೇಡ. ಐದು ಕಾಪಿ ಮಡಿಸಿದ ಫಾರಂ ಹಾಗೇ ಕೊಡು, ಬೆನ್ನು ಕತ್ತರಿಸದೆ. ನನಗೆ ಗೊತ್ತಿರೋ ಬೈಂಡರ್ ಒಬ್ಬರು ಇದ್ದಾರೆ, ಕೋರ್ಟಿನ ರಿಜಿಸ್ಟರ್ ಹೊಲಿಯೋರು. ದಪ್ಪ ರಟ್ಟು ಹಾಕಿ ಹೊಲಿಸ್ತೀನಿ. ರಕ್ಷಾಪುಟ ಮಾತ್ರ ಐದು ಜಾಸ್ತಿ ಹೊಡೆಸು, ಬೀರುವಿನ ಗಾಜಿಗೆ ಒಳಗಿನಿಂದ ಅಂಟಿಸಬೇಕು.